ಬಾಡಿಗೆ ಗಣಕಯಂತ್ರದಲ್ಲಿ ನಮ್ಮ ಹಾಲಿನ ಲೆಕ್ಕ: ಬೇಲಿ, ಬೀಗ ಮತ್ತು ಕಾವಲು

(ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಸದಸ್ಯರಿಗಾಗಿ ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಹಸಿರು ಮೇವು, ಖನಿಜ ಮಿಶ್ರಣ ಇವುಗಳ ಬಗ್ಗೆ ಮಾತು ನಡೆಯುತ್ತದೆ. ಇಂದು ನನಗೆ ಕೊಟ್ಟಿರುವ ವಿಷಯ ಬೇರೆ. ಕ್ಲೌಡ್ ಎಂದು ಕರೆಯುವ ಬಾಡಿಗೆ ಗಣಕಯಂತ್ರ ವ್ಯವಸ್ಥೆಯಲ್ಲಿ ಈಚಿನ ವರ್ಷಗಳಲ್ಲಿ ಬಂದಿರುವ ಭದ್ರತೆಯ ಮತ್ತು ಸಂಪರ್ಕ ಜಾಲದ ಸೌಲಭ್ಯಗಳನ್ನು ತಮಗೆ ತಿಳಿಸಬೇಕಾಗಿದೆ. "ನಾವು ಹಾಲು ಕರೆಯುವವರು, ನಮಗೇಕೆ ಇದು?" ಎಂದು ಕೆಲವರಿಗೆ ಅನ್ನಿಸಬಹುದು. ಆ ಪ್ರಶ್ನೆಗೆ ಮೊದಲು ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ಹಿಂದೆ ನಮ್ಮ ಸಂಘದ ಲೆಕ್ಕ ಎಲ್ಲಿತ್ತು? ಹಾಲು ಖರೀದಿ ಪುಸ್ತಕದಲ್ಲಿ, ಸದಸ್ಯರ ಖಾತೆ ಪುಸ್ತಕದಲ್ಲಿ, ಬಟವಾಡೆ ಪಟ್ಟಿಯಲ್ಲಿ. ಆ ಪುಸ್ತಕಗಳು ಕಾರ್ಯದರ್ಶಿಯ ಬೀರುವಿನಲ್ಲಿ ಇರುತ್ತಿದ್ದವು. ಬೀರುವಿಗೆ ಒಂದು ಬೀಗ, ಸಂಘದ ಬಾಗಿಲಿಗೆ ಇನ್ನೊಂದು ಬೀಗ. ಬೀಗದ ಕೈ ಯಾರ ಬಳಿ ಇದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಇಂದು ಅನೇಕ ಸಂಘಗಳಲ್ಲಿ ಸ್ವಯಂಚಾಲಿತ ಹಾಲು ಸಂಗ್ರಹಣಾ ಯಂತ್ರ ಬಂದಿದೆ. ತಾವು ಹಾಲು ಸುರಿದ ಕೂಡಲೇ ತೂಕ, ಫ್ಯಾಟ್, ಎಸ್.ಎನ್.ಎಫ್., ದರ, ಮೊತ್ತ ಎಲ್ಲವೂ ಚೀಟಿಯಲ್ಲಿ ಬರುತ್ತದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಇದು ಒಳ್ಳೆಯದೇ. ಆದರೆ ಆ ಅಂಕಿಗಳು, ತಮ್ಮ ಹೆಸರು, ಮೊಬೈಲ್ ಸಂಖ್ಯೆ, ಖಾತೆ ಸಂಖ್ಯೆ ಇವೆಲ್ಲ ಸಂಘದ ಮೇಜಿನ ಮೇಲಿನ ಯಂತ್ರದಲ್ಲಷ್ಟೇ ಉಳಿಯದೆ, ತಂತ್ರಾಂಶ ಒದಗಿಸಿದವರು ಬಾಡಿಗೆಗೆ ಹಿಡಿದ ದೂರದ ಗಣಕಕ್ಕೂ ಹೋಗುವುದುಂಟು. ಬೀರು ಸಂಘದಲ್ಲಿಲ್ಲ. ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದರೆ ಬಹಳ ಮಂದಿಗೆ ಉತ್ತರ ಗೊತ್ತಿಲ್ಲ. ಆದ್ದರಿಂದ ಈ ವಿಷಯ ನಮ್ಮದೇ.

ಕ್ಲೌಡ್ ಎಂದರೆ ಏನು?

ಕ್ಲೌಡ್ ಎಂದರೆ ಮೋಡ. ಆದರೆ ಆಕಾಶದಲ್ಲಿ ಏನೂ ಇಲ್ಲ. ಸಾವಿರಾರು ಗಣಕಯಂತ್ರಗಳನ್ನು ಸಾಲಾಗಿ ಜೋಡಿಸಿದ ದೊಡ್ಡ ದೊಡ್ಡ ಕಟ್ಟಡಗಳು ನೆಲದ ಮೇಲೇ ಇವೆ. ಅವುಗಳಲ್ಲಿ ಬೇಕಾದಷ್ಟನ್ನು, ಬೇಕಾದಷ್ಟು ಕಾಲ ಬಾಡಿಗೆಗೆ ಕೊಡುತ್ತಾರೆ. ಈ ವ್ಯವಹಾರದಲ್ಲಿ ಹಲವು ಕಂಪನಿಗಳಿವೆ. ಉದಾಹರಣೆಗಾಗಿ ನಾನು ಅಮೆರಿಕದ ಅಮೆಜಾನ್ ಕಂಪನಿಯ ಎ.ಡಬ್ಲ್ಯು.ಎಸ್. ಎಂಬ ವ್ಯವಸ್ಥೆಯನ್ನು ತೆಗೆದುಕೊಳ್ಳುತ್ತೇನೆ. ಅವರು 2006ರ ಮಾರ್ಚ್ ತಿಂಗಳಲ್ಲಿ ಎಸ್-3 ಎಂಬ ಕಡತ ಉಗ್ರಾಣವನ್ನೂ, ಅದೇ ವರ್ಷದ ಆಗಸ್ಟ್‌ನಲ್ಲಿ ಇ.ಸಿ.-2 ಎಂಬ ಬಾಡಿಗೆ ಗಣಕವನ್ನೂ ಆರಂಭಿಸಿದರು. 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಅವರ ಕೇಂದ್ರಗಳು ಪ್ರಾರಂಭವಾದವು. ಹೀಗಾಗಿ ಮಾಹಿತಿಯನ್ನು ದೇಶದೊಳಗೇ ಇಡಲು ಅವಕಾಶವಿದೆ.

ಈ ವ್ಯವಸ್ಥೆಯ ಮೂಲ ನಿಯಮ ಒಂದನ್ನು ಚೆನ್ನಾಗಿ ನೆನಪಿಡಬೇಕು. ಅದು ಹೊಣೆಯ ಹಂಚಿಕೆ. ಕಟ್ಟಡ, ವಿದ್ಯುತ್, ಯಂತ್ರ, ಗೇಟಿನ ಕಾವಲು ಇವು ಮಾಲೀಕರ ಹೊಣೆ. ಒಳಗೆ ತನ್ನ ಕೋಣೆಗೆ ಬೀಗ ಹಾಕುವುದು, ಯಾರಿಗೆ ಕೈ ಕೊಡಬೇಕೆಂದು ತೀರ್ಮಾನಿಸುವುದು, ಕಿಟಕಿ ಮುಚ್ಚುವುದು ಬಾಡಿಗೆದಾರನ ಹೊಣೆ. ಹಾಲಿನ ಟ್ಯಾಂಕರಿನ ಉದಾಹರಣೆ ನೋಡಿ. ಟ್ಯಾಂಕರ್ ಗಟ್ಟಿಮುಟ್ಟಾಗಿರಬೇಕಾದದ್ದು ಗುತ್ತಿಗೆದಾರನ ಹೊಣೆ. ಸೀಲ್ ಹಾಕಿ ಸಂಖ್ಯೆ ಬರೆದುಕೊಳ್ಳುವುದು ನಮ್ಮ ಹೊಣೆ. ಸೀಲ್ ಹಾಕದೆ ಕಳುಹಿಸಿ, ದಾರಿಯಲ್ಲಿ ನೀರು ಬೆರೆತರೆ ಟ್ಯಾಂಕರಿನ ತಯಾರಕರನ್ನು ದೂರಿ ಪ್ರಯೋಜನವಿಲ್ಲ.

ಅಮೆರಿಕದಲ್ಲಿ ನಡೆದ ಒಂದು ಪ್ರಕರಣ

2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಎಂಬ ದೊಡ್ಡ ಬ್ಯಾಂಕಿಗೆ ಆದ ಅನಾಹುತವನ್ನು ಹೇಳುತ್ತೇನೆ. ಆ ಬ್ಯಾಂಕು ತನ್ನ ಗ್ರಾಹಕರ ಕ್ರೆಡಿಟ್ ಕಾರ್ಡ್ ಅರ್ಜಿಗಳ ಮಾಹಿತಿಯನ್ನು ಎ.ಡಬ್ಲ್ಯು.ಎಸ್. ಉಗ್ರಾಣದಲ್ಲಿ ಇಟ್ಟಿತ್ತು. ಆ ವರ್ಷದ ಮಾರ್ಚ್ 22 ಮತ್ತು 23ರಂದು ಹೊರಗಿನ ವ್ಯಕ್ತಿಯೊಬ್ಬರು ಅದನ್ನು ಪ್ರವೇಶಿಸಿ ಮಾಹಿತಿ ಹೊತ್ತೊಯ್ದರು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರಗಳು ಅದರಲ್ಲಿದ್ದವು. ಸುಮಾರು 1,40,000 ಜನರ ಸಾಮಾಜಿಕ ಭದ್ರತಾ ಸಂಖ್ಯೆ, ಸುಮಾರು 80,000 ಬ್ಯಾಂಕ್ ಖಾತೆ ಸಂಖ್ಯೆಗಳೂ ಹೋದವು. ಬ್ಯಾಂಕಿಗೆ ಇದು ತಿಳಿದದ್ದು ಜುಲೈ ತಿಂಗಳಲ್ಲಿ. ಅದೂ ಹೊರಗಿನವರೊಬ್ಬರು ಪತ್ರ ಬರೆದು ಎಚ್ಚರಿಸಿದ ಮೇಲೆ. ಸುಮಾರು ನಾಲ್ಕು ತಿಂಗಳು ಯಾರ ಗಮನಕ್ಕೂ ಬಂದಿರಲಿಲ್ಲ.

ಇದು ಹೇಗಾಯಿತು? ಕಟ್ಟಡದ ಗೋಡೆ ಒಡೆದು ಯಾರೂ ನುಗ್ಗಲಿಲ್ಲ. ಬ್ಯಾಂಕು ಮುಂಬಾಗಿಲಿನಲ್ಲಿ ಕಾವಲಿಗೆಂದು ಇಟ್ಟಿದ್ದ ಒಂದು ಗಣಕವೇ ಮೋಸಹೋಯಿತು. ಬಾಡಿಗೆ ಗಣಕಗಳ ಒಳಗೆ ಒಂದು ಸಣ್ಣ ಕಿಟಕಿ ಇರುತ್ತದೆ. ಅದರ ವಿಳಾಸ 169.254.169.254. ಗಣಕವು ತನ್ನ ಕೆಲಸಕ್ಕೆ ಬೇಕಾದ ತಾತ್ಕಾಲಿಕ ಬೀಗದ ಕೈಯನ್ನು ಆ ಕಿಟಕಿಯಲ್ಲಿ ಕೇಳಿ ಪಡೆಯುತ್ತದೆ. ಹೊರಗಿನವರು ಆ ಕಿಟಕಿಯ ಬಳಿಗೆ ಬರುವಂತಿಲ್ಲ. ಆದರೆ ಕಾವಲು ಗಣಕದ ಹೊಂದಾಣಿಕೆ ಸರಿಯಿರಲಿಲ್ಲ. "ನನ್ನ ಪರವಾಗಿ ಕಿಟಕಿಗೆ ಹೋಗಿ ಕೈ ಕೇಳಿ ತಾ" ಎಂದು ಹೊರಗಿನಿಂದ ಹೇಳಿದಾಗ ಅದು ಹೋಗಿ ತಂದುಕೊಟ್ಟಿತು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಬಾಗಿಲು ಕಾಯುವ ಆ ಗಣಕಕ್ಕೆ ಉಗ್ರಾಣದ ಕಡತಗಳನ್ನು ಓದುವ ಅಧಿಕಾರ ಬೇಕಾಗಿರಲಿಲ್ಲ. ಆದರೂ ಕೊಟ್ಟಿದ್ದರು. ಆ ಒಂದು ಕೈಯಿಂದ 700ಕ್ಕೂ ಹೆಚ್ಚು ಉಗ್ರಾಣಗಳ ಪಟ್ಟಿ ಕಾಣಸಿಕ್ಕಿತು. ಸಂಘದ ಹಾಲು ಅಳೆಯುವ ಹುಡುಗನಿಗೆ ಅಳತೆಯ ಕೆಲಸ ಸಾಕು. ಅವನ ಕೈಗೆ ಬ್ಯಾಂಕಿನ ಚೆಕ್ ಪುಸ್ತಕವನ್ನೂ ಕೊಟ್ಟರೆ ಅವನು ಪ್ರಾಮಾಣಿಕನೇ ಆಗಿದ್ದರೂ ಅಪಾಯ ತಪ್ಪದು. ಅವನನ್ನು ಯಾರಾದರೂ ಯಾಮಾರಿಸಬಹುದಲ್ಲ!

ಮಾಹಿತಿಯನ್ನು ಗೂಢಲಿಪಿಯಲ್ಲಿ ಇಟ್ಟಿರಲಿಲ್ಲವೇ ಎಂದು ತಾವು ಕೇಳಬಹುದು. ಇಟ್ಟಿದ್ದರು. ಆದರೆ ಸರಿಯಾದ ಕೈ ಹಿಡಿದು ಬಂದವರಿಗೆ ಗೂಢಲಿಪಿಯೂ ಬಿಚ್ಚಿಕೊಂಡಿತು. ಉಳಿದುಕೊಂಡದ್ದು ಒಂದೇ ಜಾತಿಯ ಮಾಹಿತಿ. ಕೆಲವು ಮುಖ್ಯ ಸಂಖ್ಯೆಗಳ ಜಾಗದಲ್ಲಿ ಬದಲಿ ಗುರುತನ್ನು ಬರೆದು, ನಿಜವಾದ ಸಂಖ್ಯೆಯನ್ನು ಬೇರೆ ಕಡೆ ಇಟ್ಟಿದ್ದರು. ಹಾಗೆ ಬದಲಿಸಿಟ್ಟ ಸಂಖ್ಯೆಗಳು ಕಳ್ಳತನವಾಗಲಿಲ್ಲ. 10 ಕೋಟಿ ಜನರಲ್ಲಿ ಬಹುಪಾಲು ಮಂದಿಯ ಭದ್ರತಾ ಸಂಖ್ಯೆ ಉಳಿದದ್ದು ಈ ಕ್ರಮದಿಂದ.

2020ರ ಆಗಸ್ಟ್‌ನಲ್ಲಿ ಅಮೆರಿಕದ ಬ್ಯಾಂಕ್ ನಿಯಂತ್ರಕರು ಆ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಹಾಕಿದರು. ಗ್ರಾಹಕರು ಹೂಡಿದ ದಾವೆಯಲ್ಲಿ 19 ಕೋಟಿ ಡಾಲರಿಗೆ ರಾಜಿಯಾಯಿತು. ದಂಡ ಕಟ್ಟಿದ್ದು ಬಾಡಿಗೆದಾರ. ಹೊಣೆಯ ಹಂಚಿಕೆ ಎಂದು ಮೊದಲೇ ಹೇಳಿದ್ದು ಇದನ್ನೇ.

ಬಂದಿರುವ ಹೊಸ ಸೌಲಭ್ಯಗಳು

ಇಂತಹ ಪ್ರಕರಣಗಳಿಂದ ಪಾಠ ಕಲಿತು ಈ ವ್ಯವಸ್ಥೆಯಲ್ಲಿ ಹಲವು ಸೌಲಭ್ಯಗಳನ್ನು ಸೇರಿಸಿದ್ದಾರೆ. ಮುಖ್ಯವಾದವನ್ನು ಒಂದೊಂದಾಗಿ ಹೇಳುತ್ತೇನೆ.

1. ಸ್ವಂತ ಬೇಲಿ. ಪ್ರಾರಂಭದಲ್ಲಿ ಎಲ್ಲ ಬಾಡಿಗೆದಾರರ ಗಣಕಗಳೂ ಒಂದೇ ಬಯಲಿನಲ್ಲಿ ಇದ್ದಂತೆ ಇದ್ದವು. 2009ರಲ್ಲಿ ವಿ.ಪಿ.ಸಿ. ಎಂಬ ಸೌಲಭ್ಯ ಬಂತು. ಇದು ದೊಡ್ಡ ಬಯಲಿನಲ್ಲಿ ನಮ್ಮದೇ ಹಿತ್ತಿಲಿಗೆ ಬೇಲಿ ಹಾಕಿಕೊಂಡಂತೆ. ಹಿತ್ತಿಲಿನೊಳಗೆ ಬೀದಿಗೆ ತೆರೆದ ಜಗುಲಿಯನ್ನೂ, ಬೀದಿಗೆ ಕಾಣದ ಒಳಕೋಣೆಯನ್ನೂ ಮಾಡಿಕೊಳ್ಳಬಹುದು. ಲೆಕ್ಕದ ದತ್ತಾಂಶ ಒಳಕೋಣೆಯಲ್ಲಿರಬೇಕು. ಹಳೆಯ ಬಯಲು ಪದ್ಧತಿಯನ್ನು 2023ರ ಆಗಸ್ಟ್‌ನಲ್ಲಿ ಪೂರ್ತಿ ಮುಚ್ಚಿದರು. 2024ರ ನವೆಂಬರ್‌ನಲ್ಲಿ ಇನ್ನೊಂದು ಸೌಲಭ್ಯ ಕೊಟ್ಟರು. ಒಳಗೆ ಯಾರೇ ಯಾವುದೇ ಬಾಗಿಲು ತೆರೆದಿಟ್ಟಿದ್ದರೂ, ಇಡೀ ಹಿತ್ತಿಲಿಗೂ ಇಂಟರ್ನೆಟ್‌ಗೂ ಇರುವ ದಾರಿಯನ್ನು ಒಂದೇ ಗುಂಡಿಯಿಂದ ಮುಚ್ಚಿಬಿಡಬಹುದು.

2. ಬಾಗಿಲಿಗೊಬ್ಬ ಕಾವಲುಗಾರ. ಪ್ರತಿ ಗಣಕದ ಮುಂದೆ ಭದ್ರತಾ ಗುಂಪು ಎಂಬ ನಿಯಮ ಪಟ್ಟಿ ಇರುತ್ತದೆ. ಹೊಸದಾಗಿ ಮಾಡಿದ ಪಟ್ಟಿಯಲ್ಲಿ, ನಾವು ಹೆಸರಿಸದ ಹೊರತು ಹೊರಗಿನಿಂದ ಯಾರೂ ಒಳಗೆ ಬರುವಂತಿಲ್ಲ. ಯಾವ ಬಾಗಿಲಿಗೆ ಯಾವ ವಿಳಾಸದಿಂದ ಬರಬಹುದು ಎಂದು ಬರೆಯಬೇಕು. ಅವಸರದಲ್ಲಿ ಕೆಲವರು 0.0.0.0/0 ಎಂದು ಬರೆದುಬಿಡುತ್ತಾರೆ. ಅದರ ಅರ್ಥ "ಜಗತ್ತಿನ ಯಾರು ಬೇಕಾದರೂ ಬರಬಹುದು" ಎಂದು. ಲೆಕ್ಕದ ದತ್ತಾಂಶದ ಬಾಗಿಲಿಗೆ ಈ ಸಾಲು ಇರಲೇಬಾರದು. ಗಣಕ ಕಲಿತ ಯುವಕರು ನಮ್ಮ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಈ ಒಂದು ಸಾಲನ್ನು ಹುಡುಕಿ ಎಂದರೆ ಅವರು ಹುಡುಕಿಕೊಡುತ್ತಾರೆ.

3. ಉಗ್ರಾಣಕ್ಕೆ ಸಾರ್ವಜನಿಕ ಪ್ರವೇಶ ಬಂದ್. ಕಡತ ಉಗ್ರಾಣಗಳನ್ನು ತಿಳಿಯದೆ ಸಾರ್ವಜನಿಕರಿಗೆ ತೆರೆದಿಟ್ಟು ಮಾಹಿತಿ ಸೋರಿದ ಪ್ರಕರಣಗಳು ಅನೇಕ ನಡೆದವು. 2018ರ ನವೆಂಬರ್‌ನಲ್ಲಿ ಇದನ್ನು ಒಟ್ಟಾಗಿ ತಡೆಯುವ ಸೌಲಭ್ಯ ಬಂತು. 2023ರ ಏಪ್ರಿಲ್‌ನಿಂದ ಹೊಸ ಉಗ್ರಾಣ ತೆರೆದರೆ ಈ ತಡೆ ತಾನಾಗಿಯೇ ಹಾಕಿಕೊಂಡು ಬರುತ್ತದೆ. ಅದೇ ವರ್ಷದ ಜನವರಿಯಿಂದ ಹೊಸದಾಗಿ ಇಡುವ ಪ್ರತಿ ಕಡತವೂ ತಾನಾಗಿಯೇ ಗೂಢಲಿಪಿಯಲ್ಲಿ ಶೇಖರವಾಗುತ್ತದೆ.

4. ಕಿಟಕಿಗೆ ಹೊಸ ನಿಯಮ. ಕ್ಯಾಪಿಟಲ್ ಒನ್ ಪ್ರಕರಣದಲ್ಲಿ ಮೋಸಕ್ಕೆ ಒಳಗಾದ ಕಿಟಕಿಗೆ 2019ರ ನವೆಂಬರ್‌ನಲ್ಲಿ ಎರಡನೆಯ ಆವೃತ್ತಿ ಬಂತು. ಈಗ ನೇರವಾಗಿ ಕೈ ಕೇಳಿದರೆ ಸಿಗುವುದಿಲ್ಲ. ಮೊದಲು ಬೇರೊಂದು ವಿಧಾನದಲ್ಲಿ ಕೇಳಿ ಟೋಕನ್ ಪಡೆಯಬೇಕು. ಟೋಕನ್ ತೋರಿಸಿದರಷ್ಟೇ ಕೈ. ಟೋಕನ್ನಿನ ಆಯಸ್ಸು ಹೆಚ್ಚೆಂದರೆ 6 ಗಂಟೆ. ಟೋಕನ್ ಹೊತ್ತ ಉತ್ತರವು ಸಾಮಾನ್ಯವಾಗಿ ಆ ಗಣಕವನ್ನು ದಾಟಿ ಮುಂದೆ ಹೋಗುವುದಿಲ್ಲ. ಹೊರಗಿನವರು ಯಾಮಾರಿಸಿ ಮಾಡಿಸುವ ಕೋರಿಕೆಗಳಲ್ಲಿ ಬಹುಪಾಲಿಗೆ ಈ ಎರಡು ಹೆಜ್ಜೆ ಹಾಕಲು ಬರುವುದಿಲ್ಲ.

5. ಒಡೆಯನ ಕೈಗೆ ಎರಡನೆಯ ಸಾಕ್ಷಿ. ಇಡೀ ಖಾತೆಯ ಮೇಲೆ ಪೂರ್ಣ ಅಧಿಕಾರ ಇರುವ ಪ್ರವೇಶಕ್ಕೆ ರೂಟ್ ಎನ್ನುತ್ತಾರೆ. ಗುಪ್ತಪದ ಒಂದರಿಂದಲೇ ಅದನ್ನು ತೆರೆಯುವುದು ಅಪಾಯ. 2024ರಿಂದ ಹಂತಹಂತವಾಗಿ ಇದಕ್ಕೆ ಎರಡನೆಯ ಪುರಾವೆಯನ್ನು ಕಡ್ಡಾಯ ಮಾಡಿದ್ದಾರೆ. ಗುಪ್ತಪದದ ಜೊತೆಗೆ ಮೊಬೈಲಿನಲ್ಲಿ ಕ್ಷಣಕ್ಕೊಮ್ಮೆ ಬದಲಾಗುವ ಸಂಖ್ಯೆಯೋ ಕೈಯಲ್ಲಿ ಹಿಡಿಯುವ ಭದ್ರತಾ ಕೀಲಿಯೋ ಬೇಕು. ಬ್ಯಾಂಕ್ ಲಾಕರಿಗೆ ಎರಡು ಕೈ ಇರುವಂತೆ.

6. ಹಾಜರಿ ಪುಸ್ತಕ. ಯಾರು, ಯಾವಾಗ, ಯಾವ ವಿಳಾಸದಿಂದ ಬಂದು ಏನು ಮಾಡಿದರು ಎಂದು ದಾಖಲಿಸುವ ಕ್ಲೌಡ್‌ಟ್ರೇಲ್ ಎಂಬ ಸೌಲಭ್ಯ 2013ರಿಂದ ಇದೆ. ಆದರೆ ಪುಸ್ತಕ ಇದ್ದರೆ ಸಾಲದು, ಅದನ್ನು ಯಾರಾದರೂ ಓದಬೇಕು. ಕ್ಯಾಪಿಟಲ್ ಒನ್ ಪ್ರಕರಣದಲ್ಲಿ ಮಾರ್ಚ್‌ನ ಹೆಜ್ಜೆ ಗುರುತು ದಾಖಲೆಯಲ್ಲಿತ್ತು. ತಿರುವಿ ನೋಡಿದ್ದು ಜುಲೈನಲ್ಲಿ.

7. ಅಳಿಸಲಾಗದ ಪ್ರತಿ. 2018ರಿಂದ ಉಗ್ರಾಣದಲ್ಲಿ ಇಟ್ಟ ಕಡತಕ್ಕೆ "ಇಷ್ಟು ದಿನ ಅಳಿಸುವಂತಿಲ್ಲ, ತಿದ್ದುವಂತಿಲ್ಲ" ಎಂಬ ಬೀಗ ಹಾಕಬಹುದು. ಅದರ ಕಟ್ಟುನಿಟ್ಟಿನ ವಿಧಾನದಲ್ಲಿ ಖಾತೆಯ ಒಡೆಯನೂ ಅವಧಿ ಮುಗಿಯುವವರೆಗೆ ಅಳಿಸಲಾರ. ಕಡತಗಳನ್ನು ಒತ್ತೆ ಇಟ್ಟುಕೊಂಡು ಹಣ ಕೇಳುವ ವಂಚಕರಿಗೆ ಇದು ತಕ್ಕ ಉತ್ತರ.

ಬಂಧುಗಳೇ, ಇಲ್ಲಿ ಒಂದು ಎಚ್ಚರಿಕೆಯ ಮಾತು. ಪಶು ಆಸ್ಪತ್ರೆಗೆ ಲಸಿಕೆ ಬಂದ ಮಾತ್ರಕ್ಕೆ ಕೊಟ್ಟಿಗೆಯ ಹಸುವಿಗೆ ರಕ್ಷಣೆ ಸಿಗುವುದಿಲ್ಲ. ಹಸುವಿಗೆ ಹಾಕಿಸಬೇಕು. ಈ ಸೌಲಭ್ಯಗಳ ಸಂಗತಿಯೂ ಹಾಗೆಯೇ. ಹೊಸ ಉಗ್ರಾಣಕ್ಕೆ ತಡೆ ತಾನಾಗಿ ಬರುತ್ತದೆ, ಆದರೆ 2023ಕ್ಕೆ ಮೊದಲು ತೆರೆದ ಉಗ್ರಾಣ ಹೇಗಿತ್ತೋ ಹಾಗೆಯೇ ಉಳಿದಿರಬಹುದು. ಹಳೆಯ ಗಣಕದ ಕಿಟಕಿ ಹಳೆಯ ನಿಯಮದಲ್ಲೇ ತೆರೆದಿರಬಹುದು. ಯಾರಾದರೂ ಕುಳಿತು ಬದಲಾಯಿಸಬೇಕು. "ನಾವು ದೊಡ್ಡ ಕಂಪನಿಯ ಕ್ಲೌಡ್‌ನಲ್ಲಿದ್ದೇವೆ, ಭಯವಿಲ್ಲ" ಎಂದು ತಂತ್ರಾಂಶದವರು ಹೇಳಿದರೆ ಅದು ಉತ್ತರವಲ್ಲ. ಕ್ಯಾಪಿಟಲ್ ಒನ್ ಇದ್ದದ್ದೂ ಅದೇ ದೊಡ್ಡ ಕಂಪನಿಯ ಕ್ಲೌಡ್‌ನಲ್ಲಿ.

ನಮ್ಮ ಸಂಘಕ್ಕೆ ಏನು ಅಪಾಯ?

"ನನ್ನ ಹಸು ದಿನಕ್ಕೆ ಎಂಟು ಲೀಟರ್ ಕೊಡುತ್ತದೆ ಎಂದು ಯಾರಿಗೋ ತಿಳಿದರೆ ನಷ್ಟವೇನು?" ಎಂದು ಕೇಳುವವರಿದ್ದಾರೆ. ಓದುವುದಕ್ಕಿಂತ ತಿದ್ದುವುದು ದೊಡ್ಡ ಅಪಾಯ. ಬಟವಾಡೆಯ ಹಿಂದಿನ ರಾತ್ರಿ ಸದಸ್ಯರ ಪಟ್ಟಿಯಲ್ಲಿ ಹತ್ತು ಖಾತೆ ಸಂಖ್ಯೆಗಳನ್ನು ಯಾರೋ ಬದಲಿಸಿದರೆ, ಹತ್ತು ಮನೆಯ ಹಾಲಿನ ಹಣ ಬೇರೆ ಊರಿನ ಖಾತೆಗೆ ಹೋಗುತ್ತದೆ. ಫ್ಯಾಟ್ ಅಂಕಿಯಲ್ಲಿ ಒಂದು ಬಿಂದುವನ್ನು ಅತ್ತಿತ್ತ ಮಾಡಿದರೆ ದರವೇ ಬದಲಾಗುತ್ತದೆ. ಇನ್ನು ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕಿನ ಹೆಸರು, ಕಳೆದ ಬಟವಾಡೆಯ ಮೊತ್ತ ಇಷ್ಟು ಸಿಕ್ಕಿದ ವಂಚಕನಿಗೆ ತಮ್ಮನ್ನು ನಂಬಿಸುವುದು ಸುಲಭ. "ಡೇರಿಯಿಂದ ಮಾತನಾಡುತ್ತಿದ್ದೇವೆ, ಪ್ರೋತ್ಸಾಹಧನ ಬಂದಿದೆ, ಮೊಬೈಲಿಗೆ ಬಂದ ಸಂಖ್ಯೆ ಹೇಳಿ" ಎಂದು ಕರೆ ಬರುತ್ತದೆ. ಕಳೆದ ಬಟವಾಡೆಯ ಮೊತ್ತವನ್ನು ಪೈಸೆ ಸಮೇತ ಹೇಳಿದರೆ ಯಾರು ತಾನೇ ಅನುಮಾನ ಪಡುತ್ತಾರೆ?

ಮೂರನೆಯ ಅಪಾಯವೊಂದಿದೆ. ಬಾಡಿಗೆ ಖಾತೆ ಸಂಪೂರ್ಣವಾಗಿ ತಂತ್ರಾಂಶದವರ ಹೆಸರಿನಲ್ಲಿದ್ದು, ಅವರು ಅಂಗಡಿ ಮುಚ್ಚಿದರೆ ಅಥವಾ ಬಾಡಿಗೆ ಕಟ್ಟದಿದ್ದರೆ ನಮ್ಮ ವರ್ಷಗಳ ಲೆಕ್ಕ ಎಲ್ಲಿ ಹುಡುಕುವುದು? ಲೆಕ್ಕಪರಿಶೋಧಕರು ಬಂದಾಗ ಏನು ತೋರಿಸುವುದು?

ಕಾನೂನು ಏನು ಹೇಳುತ್ತದೆ?

2022ರ ಏಪ್ರಿಲ್‌ನಲ್ಲಿ ಕೇಂದ್ರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದಂತೆ, ಗಣಕ ವ್ಯವಸ್ಥೆಗೆ ಅತಿಕ್ರಮ ಪ್ರವೇಶದಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ದಾಖಲೆಗಳನ್ನು 180 ದಿನ ಕಾಪಾಡಬೇಕು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಮಾಹಿತಿಯನ್ನು ಬೇರೆಯವರ ಕೈಯಲ್ಲಿ ನಿರ್ವಹಣೆಗೆ ಕೊಟ್ಟಿದ್ದರೂ, ಅದನ್ನು ಸಂಗ್ರಹಿಸಿದ ಸಂಸ್ಥೆಯ ಹೊಣೆ ತಪ್ಪುವುದಿಲ್ಲ.

ಆಡಳಿತ ಮಂಡಳಿ ಕೇಳಬೇಕಾದ ಪ್ರಶ್ನೆಗಳು

ತಂತ್ರಾಂಶದವರೊಂದಿಗೆ ಕರಾರು ಮಾಡುವ ಮೊದಲು, ಈಗಾಗಲೇ ಮಾಡಿದ್ದರೆ ಮುಂದಿನ ನವೀಕರಣದ ಮೊದಲು, ಈ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಬೇಕು.

ಅ) ನಮ್ಮ ಸಂಘದ ಮಾಹಿತಿ ಯಾವ ಕಂಪನಿಯ ಕ್ಲೌಡ್‌ನಲ್ಲಿ, ಯಾವ ಊರಿನ ಕೇಂದ್ರದಲ್ಲಿದೆ?

ಆ) ಖಾತೆ ಯಾರ ಹೆಸರಿನಲ್ಲಿದೆ? ರೂಟ್ ಪ್ರವೇಶಕ್ಕೆ ಎರಡನೆಯ ಪುರಾವೆ ಇದೆಯೇ? ಅದು ಯಾರ ಕೈಯಲ್ಲಿದೆ?

ಇ) ಲೆಕ್ಕದ ದತ್ತಾಂಶ ಒಳಕೋಣೆಯಲ್ಲಿದೆಯೇ, ಬೀದಿಗೆ ತೆರೆದಿದೆಯೇ?

ಈ) ಎಲ್ಲ ಉಗ್ರಾಣಗಳಿಗೂ, ಹಳೆಯವೂ ಸೇರಿ, ಸಾರ್ವಜನಿಕ ತಡೆ ಹಾಕಿದೆಯೇ? ಎಲ್ಲ ಗಣಕಗಳ ಕಿಟಕಿಯೂ ಎರಡನೆಯ ಆವೃತ್ತಿಯ ನಿಯಮಕ್ಕೆ ಬಂದಿದೆಯೇ?

ಉ) ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಬದಲಿಸುವ ಅಧಿಕಾರ ಎಷ್ಟು ಜನರಿಗಿದೆ? ಬದಲಿಸಿದಾಗ ಸದಸ್ಯನ ಮೊಬೈಲಿಗೆ ಸಂದೇಶ ಹೋಗುತ್ತದೆಯೇ?

ಊ) ಹಾಜರಿ ದಾಖಲೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಓದುತ್ತಾರೆ?

ಋ) ಕರಾರು ಮುಗಿದರೆ ನಮ್ಮ ಪೂರ್ತಿ ಲೆಕ್ಕವನ್ನು ಎಷ್ಟು ದಿನದೊಳಗೆ ನಮ್ಮ ಕೈಗೆ ಕೊಡುತ್ತಾರೆ?

ಇವುಗಳಿಗೆ ಉತ್ತರ ಕೊಡಲು ತಂತ್ರಾಂಶದವರಿಗೆ ಹೆಚ್ಚು ದಿನ ಬೇಕಾಗಿಲ್ಲ. ಉತ್ತರ ಕೊಡಲು ಹಿಂಜರಿದರೆ ಅದೇ ಒಂದು ಉತ್ತರ ಎಂದು ತಿಳಿಯಬೇಕು.

ಸದಸ್ಯರು ಮಾಡಬೇಕಾದ್ದು

ಸದಸ್ಯರ ಪಾತ್ರವೂ ಕಡಿಮೆಯೇನಲ್ಲ. ಪ್ರತಿ ದಿನದ ಹಾಲಿನ ಚೀಟಿಯನ್ನು ಮುಂದಿನ ಬಟವಾಡೆಯವರೆಗೆ ಕಾಪಾಡಿರಿ. ಬಟವಾಡೆ ಬಂದ ದಿನ ಚೀಟಿಗಳ ಮೊತ್ತವನ್ನೂ ಪಾಸ್ ಪುಸ್ತಕವನ್ನೂ ತಾಳೆ ನೋಡಿರಿ. ಗಣಕದಲ್ಲಿ ಯಾರಾದರೂ ತಿದ್ದಿದರೆ ಮೊದಲು ಸಿಕ್ಕಿಬೀಳುವುದು ತಮ್ಮ ಮನೆಯಲ್ಲಿರುವ ಈ ಚಿಕ್ಕ ಚೀಟಿಯಿಂದ. ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರಿ. ಸಂಘದವರಾಗಲಿ, ಒಕ್ಕೂಟದವರಾಗಲಿ ಅದನ್ನು ಕೇಳುವ ಕಾರಣವೇ ಇಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿರಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಖಾತೆ ಸಂಖ್ಯೆ ಬದಲಾಯಿಸಬೇಕಾದರೆ ಫೋನಿನಲ್ಲಿ ಹೇಳದೆ ಸಂಘಕ್ಕೆ ಹೋಗಿ ಅರ್ಜಿ ಬರೆದು ಕೊಡಿರಿ.

ಕಾರ್ಯದರ್ಶಿ ಮಿತ್ರರಿಗೆ ಒಂದು ಮಾತು. ಗುಪ್ತಪದವನ್ನು ಕಾಗದದಲ್ಲಿ ಬರೆದು ಗಣಕದ ಪರದೆಗೆ ಅಂಟಿಸುವ ರೂಢಿ ಬಿಡಬೇಕು. ಹಾಲು ಪರೀಕ್ಷಕರಿಗೆ, ಸಹಾಯಕರಿಗೆ ಬೇರೆ ಬೇರೆ ಪ್ರವೇಶ ಮಾಡಿಸಿ, ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ರದ್ದು ಮಾಡಿಸಬೇಕು. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಪ್ರತಿಯೊಬ್ಬ ಸದಸ್ಯನ ಹಾಲನ್ನೂ ಪರೀಕ್ಷಿಸುತ್ತೇವೆ, ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಎಲ್ಲರಿಗೂ ಒಂದೇ ನಿಯಮವಿದ್ದಾಗ ಪ್ರಾಮಾಣಿಕರಿಗೆ ಅದೇ ರಕ್ಷಣೆ.

ಸಹಕಾರ ಸಂಘದಲ್ಲಿ ಒಡೆತನ ಸದಸ್ಯರದು. ಹಾಲಿನ ಲೆಕ್ಕವೂ ಅವರದೇ ಆಸ್ತಿ. ಅದು ಬೀರುವಿನಲ್ಲಿದ್ದರೂ, ಮುಂಬಯಿಯ ಕಟ್ಟಡದಲ್ಲಿದ್ದರೂ ಒಡೆತನ ಬದಲಾಗುವುದಿಲ್ಲ. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ಏಳು ಪ್ರಶ್ನೆಗಳನ್ನು ಸೇರಿಸಿ, ಬಂದ ಉತ್ತರಗಳನ್ನು ಸಭೆಯಲ್ಲಿ ಓದಿ ಹೇಳಿಸಿರಿ ಎಂದು ವಿನಂತಿಸುತ್ತೇನೆ.